ಬಾವಲಿಗೆ ಮುಯ್ಯಿ ಪುಸ್ತಕ ಬೇಕಿಲ್ಲ

ಕ್ರಿಸ್‌ಮಸ್ ದಿನ ಹಾಸನದ ನಮ್ಮ ಬೀದಿಯಲ್ಲಿ ಎದುರುಮನೆ ಆಂಟಿ ಒಂದು ಸ್ಟೀಲ್ ಡಬ್ಬಿ ತುಂಬ ಕಲ್‌ಕಲ್, ಮೇಲೆ ಎರಡು ರೋಸ್ ಕುಕ್ಕಿ ಇಟ್ಟು ಕಳಿಸುತ್ತಾರೆ. ಅವರ ಹಿರಿಯರು ಶೆಟ್ಟಿಹಳ್ಳಿ ಕಡೆಯವರು. ಗೊರೂರು ಅಣೆಕಟ್ಟಿನ ಹಿನ್ನೀರಿನಲ್ಲಿ ಮಳೆಗಾಲಕ್ಕೆ ಅರ್ಧ ಮುಳುಗಿ ನಿಲ್ಲುವ ಚರ್ಚ್ ನೋಡಿರುತ್ತೀರಲ್ಲ, ಅದೇ ಊರು. ಡಬ್ಬಿಯ ಮುಚ್ಚಳದ ಮೇಲೆ ಅವರ ಯಜಮಾನರ ಹೆಸರು ಚುಕ್ಕಿಚುಕ್ಕಿಯಾಗಿ ಕೊರೆದಿದೆ. ಆ ಡಬ್ಬಿ ನಮ್ಮ ಮನೆಯಲ್ಲಿ ಮೂರು ವಾರ ಕೂರುತ್ತದೆ. ಸಂಕ್ರಾಂತಿ ಸಂಜೆ ಎಳ್ಳು, ಬೆಲ್ಲ, ಅರಸೀಕೆರೆ ಕೊಬ್ಬರಿ, ಹುರಿಗಡಲೆ ತುಂಬಿಕೊಂಡು ವಾಪಸ್ ಹೋಗುತ್ತದೆ. ತೊಳೆದು ಈಗಲೇ ಕೊಟ್ಟು ಬರ್ತೀನಿ ಅಂದರೆ ಅಮ್ಮ ಗದರುತ್ತಾರೆ. "ಖಾಲಿ ಡಬ್ಬಿ ಯಾರಾದ್ರೂ ಕೊಡ್ತಾರೇನೋ?"

ಈ ದಿನಗಳಲ್ಲಿ ಟೀವಿ ಹಾಕಿದರೆ ನನಗೆ ತಲೆ ಕೆಡುತ್ತದೆ. ಈ ರಾಶಿಯವರು ಎಳ್ಳು ದಾನ ಮಾಡಿ, ಆ ರಾಶಿಯವರು ಕಂಬಳಿ ಕೊಡಿ, ಶನಿ ಇಳಿಯುತ್ತಾನೆ ಅಂತ. ಅಂದಹಾಗೆ ಸೂರ್ಯ ನಿಜಕ್ಕೂ ಉತ್ತರಕ್ಕೆ ತಿರುಗುವುದು ಸಂಕ್ರಾಂತಿಗಲ್ಲ, ಡಿಸೆಂಬರ್ 21–22ಕ್ಕೇ. ಭೂಮಿಯ ಅಕ್ಷ ಬುಗುರಿಯ ಹಾಗೆ ನಿಧಾನಕ್ಕೆ ತಲೆ ತೂಗುವುದರಿಂದ ಸುಮಾರು 72 ವರ್ಷಕ್ಕೊಂದು ದಿನದಂತೆ ಎರಡಕ್ಕೂ ಅಂತರ ಬಿದ್ದಿದೆ. ಸುಮಾರು 1,700 ವರ್ಷಗಳ ಹಿಂದೆ ಎರಡೂ ಒಂದೇ ದಿನ ಬರುತ್ತಿದ್ದವು. ಇರಲಿ. ಇನ್ನೊಂದು ಗುಂಪಿದೆ, ಸ್ವಲ್ಪ ಓದಿಕೊಂಡವರದ್ದು. ಪ್ರಕೃತಿಯಲ್ಲಿ ಎಲ್ಲಾ ಸ್ವಾರ್ಥ, ಕೊಡೋದು ಮನುಷ್ಯ ಕಟ್ಟಿದ ನಾಟಕ ಅನ್ನುತ್ತಾರೆ. ಇವರಿಗೆ ಬಾವಲಿ ತೋರಿಸಬೇಕು.

ನಮ್ಮ ಕಾಫಿ ತೋಟದ ಬಾವಲಿ ಅಲ್ಲ, ಅದು ಹಣ್ಣು ಚೀಪಿ ಬೀಜ ಉಗುಳಿ ಹೋಗುವ ಪಾಪದ ಪ್ರಾಣಿ. ನಾನು ಹೇಳುತ್ತಿರುವುದು ಮಧ್ಯ ಮತ್ತು ದಕ್ಷಿಣ ಅಮೆರಿಕದ ರಕ್ತ ಕುಡಿಯುವ ಬಾವಲಿ. ರಾತ್ರಿ ಹೋಗಿ ಹಸುವಿನದೋ ಕುದುರೆಯದೋ ರಕ್ತ ಕುಡಿದು ಬಂದರೆ ಊಟ ಆಯ್ತು. ಸಿಗದೆ ಹೋದರೆ ಕಷ್ಟ. ಸತತ ಎರಡು ಮೂರು ರಾತ್ರಿ ಉಪವಾಸ ಬಿದ್ದರೆ ಸಾವೇ. ಜೆರಾಲ್ಡ್ ವಿಲ್ಕಿನ್ಸನ್ ಎಂಬ ವಿಜ್ಞಾನಿ ಕೋಸ್ಟರಿಕಾದ ಪೊಟರೆಗಳಲ್ಲಿ ಇವನ್ನು ಕಾದು ನೋಡಿ 1984ರಲ್ಲಿ ಬರೆದರು: ಹೊಟ್ಟೆ ತುಂಬಿದ ಬಾವಲಿ ಹಸಿದ ಬಾವಲಿಗೆ ರಕ್ತ ಕಕ್ಕಿ ಕೊಡುತ್ತದೆ. ತನ್ನ ಮರಿಗಷ್ಟೇ ಅಲ್ಲ, ನೆಂಟಸ್ತನವೇ ಇಲ್ಲದ ಜೊತೆಗಾತಿಗೂ.

ನನಗೆ ಇದರಲ್ಲಿ ತುಂಬ ಹಿಡಿಸಿದ್ದು ಒಂದು ಸಣ್ಣ ಲೆಕ್ಕ. ಹೊಟ್ಟೆ ತುಂಬಿದಾಗ ಬಾವಲಿಯ ತೂಕ ಬೇಗ ಇಳಿಯುತ್ತದೆ, ರಕ್ತದ ನೀರೆಲ್ಲ ಮೂತ್ರವಾಗಿ ಹೋಗುತ್ತದೆ. ಹಸಿವು ಹೆಚ್ಚಿದಂತೆ ಇಳಿಯುವ ವೇಗ ಕಮ್ಮಿಯಾಗುತ್ತದೆ. ಅಡಿಯಲ್ಲಿ ತೂತು ಬಿದ್ದ ಟ್ಯಾಂಕ್ ನೆನಪಿಸಿಕೊಳ್ಳಿ. ತುಂಬಿದಾಗ ಭರ್ರನೆ ಸೋರುತ್ತದೆ, ತಳ ಕಂಡಾಗ ತೊಟ್ಟು ತೊಟ್ಟು. ತುಂಬಿದ ಟ್ಯಾಂಕಿನಿಂದ ಒಂದು ಚೊಂಬು ತೆಗೆದರೆ ಅದಕ್ಕೆ ನಷ್ಟ ಕೆಲವೇ ನಿಮಿಷ. ಅದೇ ಚೊಂಬನ್ನು ತಳ ಕಂಡ ಟ್ಯಾಂಕಿಗೆ ಸುರಿದರೆ ಎಷ್ಟೋ ಹೊತ್ತು ಬರುತ್ತದೆ. ಕೊಟ್ಟವಳಿಗೆ ಆಯುಸ್ಸಿನಲ್ಲಿ ಕಳೆಯುವುದು ಕೆಲವು ಗಂಟೆ, ತೆಗೆದುಕೊಂಡವಳಿಗೆ ಸಿಗುವುದು ಇನ್ನೊಂದು ರಾತ್ರಿ ಹೊರಗೆ ಹೋಗಿ ಬರುವಷ್ಟು ಜೀವ. ಟ್ಯಾಂಕ್ ಬೇಡ ಅಂದರೆ ಮೊಬೈಲ್ ತಗೊಳ್ಳಿ. ಚಾರ್ಜ್ 90 ಇರೋರಿಗೆ 5 ಹೋದರೆ ಗೊತ್ತೇ ಆಗೋಲ್ಲ, 1 ಇರೋರಿಗೆ ಆ 5 ಇದ್ದರೆ ಒಂದು ಫೋನ್ ಮಾಡಬಹುದು. ಅದೂ ಬೇಡ, ಅವರೆಕಾಯಿ. ಈ ಚಳಿಗೆ ಊರಿನಿಂದ ಒಂದು ಚೀಲ ಸೊಗಡಿನ ಅವರೆ ಬಂದಿಳಿದರೆ ಮೊದಲ ದಿನ ಸಾರು, ಎರಡನೇ ದಿನ ಉಪ್ಪಿಟ್ಟು. ಮೂರನೇ ದಿನ ಚೀಲ ನೋಡಿದರೇ ಬೆರಳು ನೋಯುತ್ತದೆ. ಅದೇ ಎರಡು ಬೊಗಸೆ ಪಕ್ಕದ ಮನೆ ಸೇರಿದರೆ ಅಲ್ಲಿ ಹಿತಕವರೆ ಸಾರಿನ ಹಬ್ಬ.

ಸರಿ, ತೆಗೆದುಕೊಂಡವಳು ನಾಳೆ ಕೈಯೆತ್ತಿದರೆ? ರಾಬರ್ಟ್ ಟ್ರಿವರ್ಸ್ ಎಂಬ ಅಮೆರಿಕದ ಜೀವವಿಜ್ಞಾನಿ 1971ರಲ್ಲೇ ಈ ಪ್ರಶ್ನೆ ಎತ್ತಿದ್ದರು. ಅದೇ ಅದೇ ಮುಖಗಳು ಮತ್ತೆ ಮತ್ತೆ ಸಿಗುವ ಕಡೆ, ಮೋಸ ಮಾಡಿದವರಿಗೆ ಮುಂದೆ ಸಿಗದಂತಿದ್ದರೆ, ಕೊಡು-ಕೊಳ್ಳು ಉಳಿಯುತ್ತದೆ ಅಂದರು. ನಮ್ಮ ಕಡೆ ಗದ್ದೆ ಮಾಡಿದವರಿಗೆ ಇದನ್ನು ಅಮೆರಿಕದಿಂದ ಬಂದು ಹೇಳಬೇಕಿಲ್ಲ, ಮುಯ್ಯಾಳು ಅಂದರೆ ಸಾಕು. ಇವತ್ತು ನಮ್ಮ ನಾಟಿಗೆ ನೀವು, ನಾಳೆ ನಿಮ್ಮ ನಾಟಿಗೆ ನಾವು. ಮದುವೆಯಲ್ಲೂ ಮುಯ್ಯಿಯೇ. ನಮ್ಮ ಅತ್ತೆಯ ಮದುವೆಯ ಮುಯ್ಯಿ ಪುಸ್ತಕ ಇನ್ನೂ ಟ್ರಂಕಿನಲ್ಲಿದೆ. ಮೊದಲ ಪುಟದ ಮೂಲೆಗೆ ಅರಿಶಿನ. ಊರು, ಹೆಸರು, ಮುಂದೆ 5 ರೂಪಾಯಿ. ಕೆಲವು ಸಾಲಿನ ಪಕ್ಕ ಬೇರೆ ಶಾಯಿಯಲ್ಲಿ ಒಂದು ಟಿಕ್. ಅಂದರೆ ವಾಪಸ್ ಮಾಡಿ ಆಯ್ತು.

ಬಾವಲಿಗೆ ಪುಸ್ತಕ ಇಲ್ಲ. ಆದರೂ ನೆನಪಿದೆ. ಜೆರಾಲ್ಡ್ ಕಾರ್ಟರ್ ಮತ್ತು ವಿಲ್ಕಿನ್ಸನ್ 2013ರಲ್ಲಿ ತೋರಿಸಿದ್ದು ಇದನ್ನೇ: ಯಾರಿಗೆ ಎಷ್ಟು ಕೊಡುತ್ತದೆ ಎಂದು ಊಹಿಸಲು ರಕ್ತಸಂಬಂಧಕ್ಕಿಂತ, ಹಿಂದೆ ಯಾರು ತನಗೆ ಕೊಟ್ಟಿದ್ದರು ಅನ್ನುವುದೇ ಜಾಸ್ತಿ ಕೆಲಸಕ್ಕೆ ಬರುತ್ತದೆ. ಕಾರ್ಟರ್ ತಂಡ 2020ರಲ್ಲಿ ಇನ್ನೂ ಚೆಂದದ್ದು ಹೇಳಿತು. ಪರಿಚಯವಿಲ್ಲದ ಎರಡು ಬಾವಲಿಗಳನ್ನು ಜೊತೆಗೆ ಬಿಟ್ಟರೆ ತಕ್ಷಣ ರಕ್ತ ಕೊಡೋಲ್ಲ. ಮೊದಲು ಒಂದು ಇನ್ನೊಂದರ ಮೈ ನೆಕ್ಕಿ ಶುಚಿ ಮಾಡುತ್ತದೆ, ಅದಕ್ಕೆ ಖರ್ಚು ಕಮ್ಮಿ. ಆ ನೆಕ್ಕಾಟ ಕುದುರಿದ ಮೇಲೆ ಊಟದ ಮಾತು. ಹೊಸದಾಗಿ ಬಾಡಿಗೆಗೆ ಬಂದವರು ಮೊದಲು ಒಂದು ಎಸಳು ಕರಿಬೇವು ಕೇಳುತ್ತಾರೆ, ಆಮೇಲೆ ಅರ್ಧ ಲೋಟ ಹಾಲು. ಮನೆ ಕೀ ಕೊಟ್ಟು ಊರಿಗೆ ಹೋಗುವುದು ವರ್ಷ ಕಳೆದ ಮೇಲೆ, ಅಲ್ವಾ?

ಹಾಗಂತ ಕೊಡುವಾಗ ಯಾರೂ ಕೂತು ಲೆಕ್ಕ ಹಾಕೋಲ್ಲ. 2012ರಲ್ಲಿ ಕೆನಡಾದ ಸಂಶೋಧಕರು ಎರಡು ವರ್ಷವೂ ತುಂಬದ ಮಕ್ಕಳ ಕೈಗೆ ಬಿಸ್ಕತ್ತಿನಂಥ ತಿಂಡಿ ಕೊಟ್ಟು ನೋಡಿದರು. ತಮಗೆ ತಿಂಡಿ ಸಿಕ್ಕಾಗಿನದಕ್ಕಿಂತ ಗೊಂಬೆಗೆ ಕೊಡುವಾಗ ಮಕ್ಕಳ ಮುಖ ಹೆಚ್ಚು ಅರಳಿತು. ಬೇರೆಯವರು ತಂದಿಟ್ಟ ತಿಂಡಿ ಕೊಟ್ಟಾಗಿನದಕ್ಕಿಂತ ತನ್ನ ಬಟ್ಟಲಿನದೇ ಕೊಟ್ಟಾಗ ಇನ್ನೂ ಜಾಸ್ತಿ. ಆ ವಯಸ್ಸಿಗೆ ಪುಣ್ಯವೂ ಗೊತ್ತಿಲ್ಲ, ಶನಿಯೂ ಗೊತ್ತಿಲ್ಲ.

ಎದುರುಮನೆ ಡಬ್ಬಿ ಸದ್ಯಕ್ಕೆ ನಮ್ಮ ಅಡುಗೆಮನೆ ಗೂಡಿನಲ್ಲಿದೆ. ಅಮ್ಮ ನಿನ್ನೆಯಿಂದ ಕೊಬ್ಬರಿ ಹೆಚ್ಚಿ ಮೊರದಲ್ಲಿ ಹರಡುತ್ತಿದ್ದಾರೆ, ಹಾಸನದ ಮಂಜಿಗೆ ಹತ್ತು ಗಂಟೆಯಾದರೂ ಬಿಸಿಲು ಏರುವುದಿಲ್ಲ. ಹೋದ ಸಲ ಆಂಟಿ ರೋಸ್ ಕುಕ್ಕಿ ಒಂದೇ ಇಟ್ಟಿದ್ದರು, ಈ ಸಲ ಎರಡು. ಸಕ್ಕರೆ ಅಚ್ಚು ಎಷ್ಟು ಇಡೋಣ ಅಂತ ಅಮ್ಮನನ್ನು ಕೇಳಿದೆ. "ಸುಮ್ನೆ ಇರೋ, ಅದನ್ನೆಲ್ಲ ಎಣಿಸ್ತಾರಾ?" ಅಂದರು. ಆಮೇಲೆ ಎಣಿಸಿ ಮೂರು ಇಟ್ಟರು.