ಸಿಲ್ಟುಕ್ಸಿಮ್ಯಾಬ್ ಡ್ರಿಪ್: ರೋಗಿಗೆ ಏನು ಹೇಳಬೇಕು, ಏಕೆ ಹೇಳಬೇಕು

ದುಗ್ಧಗ್ರಂಥಿಗಳು ಊದಿಕೊಳ್ಳುವ ಕ್ಯಾಸಲ್‌ಮನ್ ಕಾಯಿಲೆ ಪರೀಕ್ಷೆಗೆ ಬಂದರೆ ಔಷಧದ ಹೆಸರು, ಡೋಸು ಬರೆದು ಅಂಕ ತೆಗೆದುಕೊಳ್ಳಬಹುದು. ವಾರ್ಡಿನಲ್ಲಿ ಅಷ್ಟು ಸಾಲದು. ರೋಗಿಗೆ ಕೊಡುವ ಪ್ರತಿಯೊಂದು ಸೂಚನೆಯ ಹಿಂದೆಯೂ ಐಎಲ್-6 (ಇಂಟರ್‌ಲ್ಯೂಕಿನ್-6, ರೋಗನಿರೋಧಕ ವ್ಯವಸ್ಥೆಯ ಒಂದು ಸಂಕೇತ ಪ್ರೋಟೀನ್) ಇದೆ. ಸಿಲ್ಟುಕ್ಸಿಮ್ಯಾಬ್ ಅದಕ್ಕೆ ಅಂಟಿಕೊಂಡು ತಡೆಯುವ ಪ್ರತಿಕಾಯ. ಅದು ಅರ್ಥವಾದರೆ ಉಳಿದದ್ದನ್ನು ಉರು ಹೊಡೆಯಬೇಕಿಲ್ಲ.

ಕಾಯಿಲೆಯ ಬಗ್ಗೆ ಎರಡೇ ಮಾತು. ಬಾಸ್ಟನ್ನಿನ ಪೆಥಾಲಜಿಸ್ಟ್ ಬೆಂಜಮಿನ್ ಕ್ಯಾಸಲ್‌ಮನ್ 1950ರ ದಶಕದಲ್ಲಿ ಇದನ್ನು ವಿವರಿಸಿದರು. ಒಂದೇ ಜಾಗದ ದುಗ್ಧಗ್ರಂಥಿ ಊದಿಕೊಂಡಿದ್ದರೆ ಆಪರೇಷನ್ ಮಾಡಿ ತೆಗೆದರೆ ಸಾಮಾನ್ಯವಾಗಿ ವಾಸಿ. ಹಲವು ಕಡೆ ಊದಿಕೊಳ್ಳುವ ಬಗೆಯೇ ಕಷ್ಟದ್ದು: ಜ್ವರ, ರಾತ್ರಿ ಬೆವರು, ತೂಕ ಇಳಿಯುವುದು, ರಕ್ತಹೀನತೆ, ಮೈ ಬಾವು. ಸಿಲ್ಟುಕ್ಸಿಮ್ಯಾಬ್‌ಗೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2014ರಲ್ಲಿ ಒಪ್ಪಿಗೆ ಕೊಟ್ಟದ್ದು ಈ ಬಗೆಗೆ, ಅದೂ ಎಚ್‌ಐವಿ ಮತ್ತು ಎಚ್‌ಎಚ್‌ವಿ-8 (ಹರ್ಪಿಸ್ ಜಾತಿಯ ಒಂದು ವೈರಸ್) ಎರಡೂ ಇಲ್ಲದವರಿಗೆ. ಎಚ್‌ಎಚ್‌ವಿ-8 ವೈರಸ್ ತನ್ನದೇ ಬಗೆಯ ಐಎಲ್-6 ತಯಾರಿಸುತ್ತದೆ, ಈ ಪ್ರತಿಕಾಯ ಅದಕ್ಕೆ ಅಂಟುವುದಿಲ್ಲ.

ಈಗ ಮುಖ್ಯ ವಿಷಯ. ಸೋಂಕು ತಗುಲಿದಾಗ ಜ್ವರ ಏರಿಸಲು, ಲಿವರ್‌ನಿಂದ ಸಿಆರ್‌ಪಿ (ಉರಿಯೂತ ಸೂಚಿಸುವ ಪ್ರೋಟೀನ್) ಹೊರಡಿಸಲು ದೇಹ ಬಳಸುವ ಸಂಕೇತಗಳಲ್ಲಿ ಐಎಲ್-6 ದೊಡ್ಡದು. ಈ ಕಾಯಿಲೆಯಲ್ಲಿ ಅದು ಸುಮ್ಮನೆ ಮಿತಿಮೀರಿ ಸುರಿಯುತ್ತದೆ, ಔಷಧ ಅದನ್ನು ಹಿಡಿದು ನಿಲ್ಲಿಸುತ್ತದೆ. ಕಾವಲು ನಾಯಿಯ ಬಾಯಿ ಕಟ್ಟಿದ ಹಾಗೆ: ಬೊಗಳುವ ಕಾಟ ತಪ್ಪಿತು, ಆದರೆ ಕಳ್ಳ ನುಗ್ಗಿದರೂ ಸದ್ದಿಲ್ಲ. ಆದ್ದರಿಂದ "ಜ್ವರ ಬಂದರೆ ಬನ್ನಿ" ಎಂದು ಹೇಳಿ ಕಳಿಸುವುದು ಇಲ್ಲಿ ಅರೆಬರೆ ಸಲಹೆ. ಕೆಮ್ಮು, ಮೂತ್ರ ಉರಿ, ಕೆಂಪೇರಿ ನೋಯುವ ಗಾಯ, ಕಾರಣವಿಲ್ಲದ ಸುಸ್ತು, ಇವುಗಳಲ್ಲಿ ಯಾವುದಿದ್ದರೂ, ಥರ್ಮಾಮೀಟರ್ ಏನೇ ತೋರಿಸಲಿ, ಫೋನ್ ಮಾಡಬೇಕು ಎಂದು ಬಿಡಿಸಿ ಹೇಳಿ. ತೀವ್ರ ಸೋಂಕಿದ್ದರೆ ಅದು ವಾಸಿಯಾಗುವವರೆಗೆ ಡ್ರಿಪ್ ಇಲ್ಲ. ಜೀವಂತ ಲಸಿಕೆಯೂ ಬೇಡ. ಜಠರ ಅಥವಾ ಕರುಳು ತೂತಾದ ಪ್ರಕರಣಗಳೂ ವರದಿಯಾಗಿವೆ. ಜೋರಾದ ಹೊಟ್ಟೆನೋವನ್ನು ಗ್ಯಾಸ್ ಎಂದು ಮನೆಯಲ್ಲೇ ಕೂರಬಾರದು.

ಡೋಸು: ಕೆಜಿಗೆ 11 ಮಿಲಿಗ್ರಾಂ, ಒಂದು ಗಂಟೆಯ ಡ್ರಿಪ್, ಮೂರು ವಾರಕ್ಕೊಮ್ಮೆ. 60 ಕೆಜಿಯವರಿಗೆ 660 ಮಿಲಿಗ್ರಾಂ. ತೂಕ ಹೆಚ್ಚುವುದು ಇದರ ಸಾಮಾನ್ಯ ಅಡ್ಡಪರಿಣಾಮಗಳಲ್ಲೊಂದು, ತುರಿಕೆ, ಗುಳ್ಳೆ, ನೆಗಡಿ-ಗಂಟಲುನೋವೂ ಅದೇ ಪಟ್ಟಿಯಲ್ಲಿವೆ. ಡ್ರಿಪ್ ಓಡುತ್ತಿರುವಾಗ ಎದೆ ಬಿಗಿತ, ಉಸಿರಾಟದ ತೊಂದರೆ, ಬೆನ್ನುನೋವು, ಮುಖ ಕೆಂಪಾಗುವುದು ಕಂಡರೆ ಸಂಕೋಚಪಡದೆ ನರ್ಸನ್ನು ಕರೆಯಲು ಹೇಳಿ. ಸಣ್ಣಪುಟ್ಟ ರಿಯಾಕ್ಷನ್ ಆದರೆ ನಿಲ್ಲಿಸಿ, ಇಳಿದ ಮೇಲೆ ನಿಧಾನಗತಿಯಲ್ಲಿ ಮತ್ತೆ ಹಾಕಬಹುದು. ಅನಾಫಿಲಾಕ್ಸಿಸ್ (ಪ್ರಾಣಾಪಾಯದ ತೀವ್ರ ಅಲರ್ಜಿ) ಆದರೆ ಈ ಔಷಧ ಅಲ್ಲಿಗೇ ಮುಗಿಯಿತು.

ಮೊದಲ 12 ತಿಂಗಳು ಪ್ರತಿ ಡೋಸಿಗೂ ಮುಂಚೆ ರಕ್ತಪರೀಕ್ಷೆ. ನ್ಯೂಟ್ರೋಫಿಲ್ (ಸೋಂಕಿನೊಡನೆ ಹೋರಾಡುವ ಬಿಳಿ ರಕ್ತಕಣ), ಪ್ಲೇಟ್‌ಲೆಟ್ ನೋಡುವುದು ಸರಿ, ಹಿಮೋಗ್ಲೋಬಿನ್ ಡೆಸಿಲೀಟರ್‌ಗೆ 17 ಗ್ರಾಂಗಿಂತ ಕಡಿಮೆ ಇರಬೇಕು ಎಂಬುದು ಏಕೆ? ಐಎಲ್-6 ಲಿವರ್‌ನ ಹೆಪ್ಸಿಡಿನ್ ಎಂಬ ಹಾರ್ಮೋನನ್ನು ಹೆಚ್ಚಿಸಿ ಕಬ್ಬಿಣವನ್ನು ಕಟ್ಟಿಹಾಕುತ್ತದೆ. ಆ ತಡೆ ತೆಗೆದರೆ ಹಿಮೋಗ್ಲೋಬಿನ್ ಏರುತ್ತದೆ, ಕೆಲವೊಮ್ಮೆ ಅತಿಯಾಗಿ. ನನಗೆ ಇಡೀ ಪಾಠದಲ್ಲಿ ಅತಿ ಚೆಂದ ಕಂಡ ಸಂಗತಿ ಇದು.

ಎಲ್ಲರೂ ಮರೆಯುವುದು ಮಾತ್ರೆಗಳ ವಿಷಯ. ಐಎಲ್-6 ಔಷಧಗಳನ್ನು ಕರಗಿಸುವ ಲಿವರ್‌ನ ಸಿವೈಪಿ ಕಿಣ್ವಗಳನ್ನು ತಗ್ಗಿಸಿಟ್ಟಿರುತ್ತದೆ. ಚಿಕಿತ್ಸೆ ಶುರುವಾದ ಮೇಲೆ ಅವು ಚೇತರಿಸಿಕೊಂಡು ವಾರ್ಫರಿನ್ (ರಕ್ತ ಹೆಪ್ಪುಗಟ್ಟದಂತೆ ತಡೆಯುವ ಮಾತ್ರೆ), ಸೈಕ್ಲೋಸ್ಪೋರಿನ್ (ರೋಗನಿರೋಧಕ ಶಕ್ತಿ ತಗ್ಗಿಸುವ ಔಷಧ) ಅಂಥವನ್ನು ಬೇಗ ಕರಗಿಸಬಹುದು. ಗರ್ಭನಿರೋಧಕ ಗುಳಿಗೆಯ ಬಲವೂ ಕುಗ್ಗಬಹುದು. ಚಿಕಿತ್ಸೆಯ ಕಾಲದಲ್ಲಿ ಮತ್ತು ಮುಗಿದ 3 ತಿಂಗಳವರೆಗೆ ಗರ್ಭ ನಿಲ್ಲಬಾರದು ಎಂಬ ಸೂಚನೆಯನ್ನು ಇದರ ಜೊತೆಗೇ ಹೇಳಿ, ಬೇರೆಬೇರೆ ಹೇಳಿದರೆ ರೋಗಿಗೆ ನಂಟು ತಿಳಿಯುವುದಿಲ್ಲ.

ಒಪ್ಪಿಗೆಗೆ ಆಧಾರವಾದ ಪ್ರಯೋಗದಲ್ಲಿ 79 ಮಂದಿ ಇದ್ದರು. ಗ್ರಂಥಿಯೂ ಕುಗ್ಗಿ ಲಕ್ಷಣವೂ ಇಳಿದು ಆ ಫಲ ನಿಂತದ್ದು ಔಷಧ ಪಡೆದವರಲ್ಲಿ ಶೇ. 34 ಜನರಿಗೆ, ಪ್ಲಸೀಬೊದಲ್ಲಿ ಒಬ್ಬರಿಗೂ ಇಲ್ಲ. ಫಲ ಸಿಗದವರೂ ಬಹಳ. ಸ್ವತಃ ಈ ಕಾಯಿಲೆಯ ರೋಗಿಯಾಗಿ ಸಂಶೋಧನೆಗೆ ಇಳಿದ ವೈದ್ಯ ಡೇವಿಡ್ ಫೈಗನ್‌ಬಾಮ್‌ಗೆ ಇದು ಹಿಡಿಯಲಿಲ್ಲ, ಸಿರೊಲಿಮಸ್ ಎಂಬ ಬೇರೆ ಔಷಧ ಕೈಹಿಡಿಯಿತು. ಫಲ ಸಿಕ್ಕವರಿಗೆ, ಔಷಧ ಕೆಲಸ ಮಾಡುತ್ತಿರುವಷ್ಟು ಕಾಲ ಡ್ರಿಪ್ ಮುಂದುವರಿಯುತ್ತದೆ. "ಇನ್ನೆಷ್ಟು ಡೋಸ್ ಸಿಸ್ಟರ್?" ಎಂದು ಕೇಳಿದರೆ ಸಮಾಧಾನಕ್ಕೆಂದು ಒಂದು ಸಂಖ್ಯೆ ಹೇಳಿಬಿಡಬೇಡಿ.