ಟೈರ್‌ನಲ್ಲಿ ಗ್ರಿಪ್ ಇನ್ನೂ ಇದೆಯಲ್ಲ, ಬದಲಾಯಿಸಲೇಬೇಕಾ?

ಪ್ರಶ್ನೆ: ನನ್ನದು 100 ಸಿಸಿ ಬೈಕು. ಹಿಂದಿನ ಟೈರ್ ನಡುವೆ ಸವೆದು ಚಪ್ಪಟೆಯಾಗಿದೆ, ಆದರೆ ಅಕ್ಕಪಕ್ಕ ಗ್ರಿಪ್ ಇನ್ನೂ ಚೆನ್ನಾಗಿದೆ. ಮುಂದಿನ ಟೈರ್ ಬೈಕ್ ಜೊತೆ ಬಂದದ್ದೇ, ನೋಡಿದರೆ ಹೊಸದರ ಹಾಗಿದೆ. ಎರಡನ್ನೂ ಬದಲಾಯಿಸಬೇಕಾ? ಸರ್ವೀಸನ್ನೂ ಜೊತೆಗೇ ಮಾಡಿಸಬೇಕಾ?

ಉತ್ತರ: ಹಿಂದಿನ ಟೈರನ್ನು ಈಗಲೇ ಬದಲಾಯಿಸಿ. ಮುಂದಿನದರ ಮೇಲೆ ಒಂದು ಸಂಖ್ಯೆ ಅಚ್ಚಾಗಿರುತ್ತದೆ, ಅದನ್ನು ಓದಿ ಆಮೇಲೆ ತೀರ್ಮಾನ ಮಾಡಿ. ಸರ್ವೀಸ್ ಖಂಡಿತ ಜೊತೆಗೇ ಆಗಲಿ. ಚಕ್ರ ಬಿಚ್ಚಿದಾಗ ಮಾತ್ರ ಕಣ್ಣಿಗೆ ಬೀಳುವ ಭಾಗಗಳು ಕೆಲವಿವೆ. ಅವನ್ನು ನೋಡದೆ ಹೊಸ ಟೈರ್ ಹಾಕಿ ಚಕ್ರ ಕೂರಿಸಿಬಿಟ್ಟರೆ ಅರ್ಧ ಕೆಲಸ ಮಾಡಿದ ಹಾಗೆ.

ಹಿಂದಿನ ಟೈರ್ ನಡುವೆ ಸವೆಯುವುದು ಸಹಜ. ಎಂಜಿನ್ ಎಳೆತ ಪೂರ್ತಿ ಅದರ ಮೇಲೆ, ಭಾರವೂ ಹೆಚ್ಚಿನದು ಅದರ ಮೇಲೆ. ನೇರ ಹೋಗುವಾಗ ನೆಲಕ್ಕೆ ತಾಗುವುದು ನಡುವಿನ ಪಟ್ಟಿ ಮಾತ್ರ. ತೊಂದರೆ ಶುರುವಾಗುವುದು ತಿರುವಿನಲ್ಲಿ. ಬೈಕ್ ಟೈರ್ ದುಂಡಗಿರುವುದೇ ವಾಲುವಾಗ ನಡುವಿನಿಂದ ಅಂಚಿಗೆ ನಯವಾಗಿ ಉರುಳಲಿ ಎಂದು. ನಡುವೆ ಚಪ್ಪಟೆಯಾದರೆ ಎರಡೂ ಕಡೆ ಒಂದೊಂದು ಮೂಲೆ ಏಳುತ್ತದೆ. ಬೈಕ್ ಮೊದಲು ವಾಲುವುದೇ ಇಲ್ಲ, ಮೂಲೆ ದಾಟಿದ ಕೂಡಲೇ ತಟಕ್ಕನೆ ವಾಲಿಬಿಡುತ್ತದೆ. ಇನ್ನು ಅಂಚಿನಲ್ಲಿ ಉಳಿದಿರುವ ಗ್ರಿಪ್ ನೇರ ಹೋಗುತ್ತಾ ಬ್ರೇಕ್ ಹಿಡಿದಾಗ ಯಾವ ಉಪಯೋಗಕ್ಕೂ ಬರುವುದಿಲ್ಲ. ಒದ್ದೆ ರಸ್ತೆಯಲ್ಲಿ ನೀರನ್ನು ಪಕ್ಕಕ್ಕೆ ತಳ್ಳಬೇಕಾದದ್ದು ನಡುವಿನ ಸಂದುಗಳು. ಅವೇ ಇಲ್ಲ ಅಲ್ವಾ?

ಅಂದಾಜಿನ ಮೇಲೆ ಹೋಗಬೇಡಿ, ಟೈರೇ ಹೇಳುತ್ತದೆ. ಟೈರಿನ ಪಕ್ಕದಲ್ಲಿ ಸಣ್ಣ ತ್ರಿಕೋನ ಇಲ್ಲವೇ ಟಿಡಬ್ಲ್ಯೂಐ (TWI, ಸವೆತ ತೋರಿಸುವ ಗುರುತು) ಎಂಬ ಅಕ್ಷರ ಹುಡುಕಿ. ಅದರ ನೇರಕ್ಕೆ ಗ್ರಿಪ್‌ನ ಸಂದಿನೊಳಗೆ ನೋಡಿದರೆ ರಬ್ಬರಿನ ಸಣ್ಣ ಉಬ್ಬು ಕಾಣುತ್ತದೆ. ಬೈಕ್ ಟೈರುಗಳಲ್ಲಿ ಅದರ ಎತ್ತರ ಸಾಮಾನ್ಯವಾಗಿ 0.8 ಮಿ.ಮೀ. ಸುತ್ತಲಿನ ರಬ್ಬರ್ ಆ ಉಬ್ಬಿನ ಮಟ್ಟಕ್ಕೆ ಇಳಿದಿದ್ದರೆ ಟೈರಿನ ಆಯಸ್ಸು ಮುಗಿಯಿತು. ನಡುವಿನ ಸಂದಿನಲ್ಲೇ ನೋಡಿ, ಅಂಚಿನಲ್ಲಿ ನೋಡಿ ಸಮಾಧಾನ ಮಾಡಿಕೊಳ್ಳಬೇಡಿ.

ಮುಂದಿನ ಟೈರ್ ಕತೆ ಬೇರೆ. ಅದು ನಿಧಾನ ಸವೆಯುತ್ತದೆ, ಆದ್ದರಿಂದಲೇ ಅದರ ಕಡೆ ಯಾರ ಗಮನವೂ ಹೋಗುವುದಿಲ್ಲ. ರಬ್ಬರ್ ಮಾತ್ರ ಬಿಸಿಲಿಗೆ, ಗಾಳಿಗೆ ತಾನಾಗಿಯೇ ಗಟ್ಟಿಯಾಗುತ್ತಾ ಹೋಗುತ್ತದೆ. ಟೈರಿನ ಪಕ್ಕದಲ್ಲಿ ಒಂದು ಉದ್ದುರುಟು ಗೆರೆಯೊಳಗೆ ನಾಲ್ಕು ಅಂಕಿ ಇರುತ್ತವೆ. ಉದಾಹರಣೆಗೆ 2319 ಎಂದಿದ್ದರೆ, 2019ನೇ ಇಸವಿಯ 23ನೇ ವಾರದಲ್ಲಿ ತಯಾರಾದದ್ದು ಎಂದರ್ಥ. ಇದು ಒಂದೇ ಪಕ್ಕದಲ್ಲಿ ಇರಬಹುದು, ಎರಡೂ ಕಡೆ ಹುಡುಕಿ. ಐದು ವರ್ಷ ದಾಟಿದ ಟೈರನ್ನು ವರ್ಷಕ್ಕೊಮ್ಮೆಯಾದರೂ ತಿಳಿದವರಿಂದ ನೋಡಿಸಬೇಕು. ಹತ್ತು ವರ್ಷವಾದದ್ದನ್ನು, ನೋಡಲು ಎಷ್ಟೇ ಹೊಸದಾಗಿದ್ದರೂ, ತೆಗೆದುಬಿಡಬೇಕು. ನಡುವಿನ ವರ್ಷಗಳಲ್ಲಿ ನಿಮ್ಮ ಕಣ್ಣೇ ಆಧಾರ. ಗ್ರಿಪ್‌ನ ಸಂದುಗಳ ತಳದಲ್ಲಿ, ರಿಮ್ ಹತ್ತಿರದ ಅಂಚಿನಲ್ಲಿ ಕೂದಲೆಳೆಯಂಥ ಬಿರುಕುಗಳಿವೆಯಾ ನೋಡಿ. ಟೈರನ್ನು ಬೆರಳಿನಿಂದ ಒತ್ತಿ ಅಗಲಿಸಿದರೆ ಚೆನ್ನಾಗಿ ಕಾಣುತ್ತವೆ. ಬಿರುಕು ಕಂಡರೆ ವರ್ಷ ಎಣಿಸುವುದೇ ಬೇಡ, ಬದಲಾಯಿಸಿ. ಹಿಂದಿನ ಚಕ್ರ ಜಾರಿದರೆ ಸುಧಾರಿಸಿಕೊಳ್ಳಲು ಸ್ವಲ್ಪವಾದರೂ ಅವಕಾಶವಿದೆ. ಮುಂದಿನದು ಜಾರಿದರೆ ಬಿದ್ದ ಮೇಲೆಯೇ ಗೊತ್ತಾಗುವುದು. ಹಾಗಾಗಿ ಮುಂದಿನ ಟೈರ್ ವಿಷಯದಲ್ಲಿ ನಾನು ಯಾವಾಗಲೂ ಬಿಗಿಯಾಗಿಯೇ ಹೇಳುತ್ತೇನೆ.

ಇನ್ನು ಅಳತೆ. ಹಳೆಯ ಟೈರ್ ಮೇಲೆ 2.75-18 ಅಥವಾ 80/100-18 ಎಂಬಂತೆ ಬರೆದಿರುತ್ತದೆ. ಮೊದಲನೆಯದರಲ್ಲಿ ಅಗಲ 2.75 ಇಂಚು, ರಿಮ್ 18 ಇಂಚು. ಎರಡನೆಯದರಲ್ಲಿ ಅಗಲ 80 ಮಿ.ಮೀ., ಎತ್ತರ ಅಗಲದ ಶೇ. 100, ರಿಮ್ 18 ಇಂಚು. ಪಕ್ಕದಲ್ಲೇ 42ಪಿ ಎಂಬಂಥ ಗುರುತು ಇರುತ್ತದೆ. 42 ಎಂದರೆ ಆ ಟೈರ್ 150 ಕೆ.ಜಿ. ಹೊರಬಲ್ಲದು, ಪಿ ಎಂದರೆ ಗಂಟೆಗೆ 150 ಕಿ.ಮೀ. ವೇಗದವರೆಗೆ ತಡೆಯಬಲ್ಲದು. ಹೊಸದರಲ್ಲಿ ಈ ಎರಡೂ ಹಳೆಯದಕ್ಕಿಂತ ಕಡಿಮೆ ಇರಬಾರದು.

"ಒಂದು ಸೈಜ್ ದಪ್ಪ ಹಾಕಿಸಿ, ಲುಕ್ ಬರುತ್ತೆ" ಎನ್ನುವ ಸಲಹೆ ನಿಮಗೂ ಸಿಗುತ್ತದೆ. ದಯವಿಟ್ಟು ಕೇಳಬೇಡಿ. ರಿಮ್ ಅಗಲ ಅಷ್ಟೇ ಇರುವಾಗ ಟೈರ್ ದಪ್ಪವಾದರೆ ಅದರ ಅಂಚು ಒಳಕ್ಕೆ ಹಿಸುಕಿಕೊಂಡು ಆಕಾರ ಕೆಡುತ್ತದೆ. ಚೈನ್ ಕವರಿಗೋ, ಹಿಂದಿನ ಚಕ್ರವನ್ನು ಹಿಡಿದಿರುವ ಸ್ವಿಂಗ್ ಆರ್ಮಿಗೋ ಉಜ್ಜಬಹುದು. ಸಣ್ಣ ಎಂಜಿನ್‌ಗೆ ಎಳೆಯುವುದು ಭಾರವಾಗುತ್ತದೆ, ಮೈಲೇಜ್ ಇಳಿಯುತ್ತದೆ. ಕಂಪನಿ ಕೊಟ್ಟ ಸೈಜೇ ಇರಲಿ.

ಕಡ್ಡಿ ಚಕ್ರವಾದರೆ ಟ್ಯೂಬ್ ಬೇಕೇ ಬೇಕು, ಏಕೆಂದರೆ ಕಡ್ಡಿ ಕೂರುವ ತೂತುಗಳಿಂದ ಗಾಳಿ ಸೋರುತ್ತದೆ. ಟಿಟಿ ಎಂದು ಬರೆದ ಟೈರ್ ಟ್ಯೂಬಿನದ್ದು, ಟಿಎಲ್ ಎಂದರೆ ಟ್ಯೂಬ್‌ಲೆಸ್. ಟ್ಯೂಬಿನ ಟೈರನ್ನು ಟ್ಯೂಬ್ ಇಲ್ಲದೆ ಓಡಿಸುವ ಹಾಗಿಲ್ಲ.

ಹೊಸ ಟೈರ್ ಜೊತೆ ಟ್ಯೂಬೂ ಹೊಸದಿರಲಿ. ಇಷ್ಟು ವರ್ಷ ಗಾಳಿ ತುಂಬಿಕೊಂಡ ಹಳೆಯ ಟ್ಯೂಬ್ ಹಿಗ್ಗಿರುತ್ತದೆ. ಹೊಸ ಟೈರಿನೊಳಗೆ ಅದು ಮಡಿಕೆ ಬೀಳುತ್ತದೆ, ಆ ಮಡಿಕೆಯಲ್ಲೇ ಉಜ್ಜಿ ಪಂಕ್ಚರ್ ಆಗುತ್ತದೆ. ರಿಮ್ ಒಳಗೆ ಕಡ್ಡಿಯ ತಲೆಗಳನ್ನು ಮುಚ್ಚುವ ರಬ್ಬರ್ ಪಟ್ಟಿ ಇರುತ್ತದೆ, ಹರಿದಿದ್ದರೆ ಅದನ್ನೂ ಬದಲಾಯಿಸಿ. ಟೈರ್ ಪಕ್ಕದ ಬಾಣದ ಗುರುತು ಚಕ್ರ ತಿರುಗುವ ಕಡೆಗೇ ಇರಬೇಕು. ಗಾಳಿ ತುಂಬಿದ ಮೇಲೆ ರಿಮ್ ಅಂಚಿನ ಪಕ್ಕ ಟೈರ್ ಮೇಲೆ ಒಂದು ತೆಳು ಗೆರೆ ಸುತ್ತಲೂ ಓಡುವುದು ಕಾಣುತ್ತದೆ. ಚಕ್ರ ತಿರುಗಿಸಿ ನೋಡಿ. ಗೆರೆಗೂ ರಿಮ್ಮಿಗೂ ನಡುವಿನ ಅಂತರ ಎಲ್ಲ ಕಡೆ ಒಂದೇ ಇದ್ದರೆ ಟೈರ್ ಸರಿಯಾಗಿ ಕೂತಿದೆ. ಒಂದು ಕಡೆ ಗೆರೆ ಒಳಗೆ ಹೋಗಿದ್ದರೆ ಗಾಳಿ ಬಿಟ್ಟು, ಸೋಪಿನ ನೀರು ಹಚ್ಚಿ ಮತ್ತೆ ಕೂರಿಸಬೇಕು. ಹಾಗೇ ಬಿಟ್ಟರೆ ಬೈಕ್ ಕುಪ್ಪಳಿಸುತ್ತದೆ.

ಈಗ ಚಕ್ರ ಹೊರಗಿದೆ. ಅವಸರ ಮಾಡದೆ ನೋಡಬೇಕಾದ ಹೊತ್ತು ಇದೇ.

ಚಕ್ರದ ನಡುವಿನ ಆಕ್ಸಲ್ ತೂತಿನಲ್ಲಿ ಬೆರಳಿಟ್ಟು ಬೇರಿಂಗ್ ತಿರುಗಿಸಿ. ನಯವಾಗಿ ತಿರುಗಬೇಕು, ಗರಗರ ಎಂದರೆ ಅಥವಾ ಅಲ್ಲಲ್ಲಿ ತಡೆದರೆ ಬದಲಾಯಿಸುವ ಕಾಲ ಬಂದಿದೆ. ಚೈನ್ ಕೂರುವ ಹಲ್ಲಿನ ಚಕ್ರ, ಅಂದರೆ ಸ್ಪ್ರಾಕೆಟ್ ಹಿಡಿದು ಹಿಂದೆ ಮುಂದೆ ಅಲ್ಲಾಡಿಸಿ. ಲಟಲಟ ಅಲ್ಲಾಡಿದರೆ ಚಕ್ರದ ನಡುಭಾಗದ (ಹಬ್) ಒಳಗಿನ ರಬ್ಬರುಗಳು ಹೋಗಿವೆ. ಗೇರ್ ಹಾಕಿದಾಗ, ಆಕ್ಸಿಲರೇಟರ್ ಬಿಟ್ಟು ಹಿಡಿದಾಗ ಹಿಂದಿನಿಂದ ಬರುವ ಟಕ್ ಸದ್ದು ಎಷ್ಟೋ ಸಲ ಇದರದ್ದೇ. ಡ್ರಮ್ಮಿನೊಳಗಿನ ಬ್ರೇಕ್ ಧೂಳನ್ನು ಊದಬೇಡಿ, ಗಾಳಿ ಪೈಪೂ ಹಿಡಿಯಬೇಡಿ, ಒದ್ದೆ ಬಟ್ಟೆಯಲ್ಲಿ ಒರೆಸಿ. ಆ ಧೂಳು ಶ್ವಾಸಕೋಶಕ್ಕೆ ಕೆಟ್ಟದ್ದು. ಬ್ರೇಕ್ ಶೂ ಮೇಲೆ ಗ್ರೀಸ್ ಕೈ ತಾಗದಿರಲಿ. ಆಕ್ಸಲ್ಲಿಗೆ ಮಾತ್ರ ತೆಳುವಾಗಿ ಗ್ರೀಸ್ ಸವರಿ. ಬಿಚ್ಚುವಾಗಲೇ ಆಕ್ಸಲ್ ಮೇಲಿನ ಕೊಳವೆಯಂಥ ಬುಷ್‌ಗಳು ಯಾವ ಕಡೆ ಯಾವುದಿತ್ತು ಎಂದು ಮೊಬೈಲಿನಲ್ಲಿ ಒಂದು ಫೋಟೋ ತೆಗೆದಿಟ್ಟುಕೊಳ್ಳಿ.

ಚಕ್ರ ವಾಪಸ್ ಹಾಕುವಾಗ ಒಂದು ನಟ್ಟನ್ನು ನೀವೇ ಮುಟ್ಟಿ ನೋಡಬೇಕು. ಕೆಲಸ ಮೆಕ್ಯಾನಿಕ್ ಮಾಡಿದರೂ ಸರಿಯೇ. ಹಿಂದಿನ ಡ್ರಮ್ ಬ್ರೇಕಿನ ಮುಚ್ಚಳದಿಂದ ಸ್ವಿಂಗ್ ಆರ್ಮ್‌ವರೆಗೆ ಒಂದು ಕಬ್ಬಿಣದ ಪಟ್ಟಿ ಇರುತ್ತದೆ. ಬ್ರೇಕ್ ರಾಡ್ ಅಲ್ಲ, ಅದರ ಹತ್ತಿರವೇ ಇರುವ ಇನ್ನೊಂದು. ಬ್ರೇಕ್ ಒತ್ತಿದಾಗ ಶೂಗಳು ಡ್ರಮ್ಮನ್ನು ಹಿಡಿಯುತ್ತವೆ, ಡ್ರಮ್ ಆ ಮುಚ್ಚಳವನ್ನೂ ತನ್ನ ಜೊತೆ ತಿರುಗಿಸಲು ನೋಡುತ್ತದೆ. ಅದನ್ನು ತಡೆದು ನಿಲ್ಲಿಸುವುದು ಈ ಪಟ್ಟಿ ಒಂದೇ. ಇದರ ನಟ್ ಬಿಚ್ಚಿಹೋದರೆ ಬ್ರೇಕ್ ಹಾಕಿದ ಕ್ಷಣ ಮುಚ್ಚಳ ಗಿರಕಿ ಹೊಡೆದು, ರಾಡ್ ಮುರಿದು, ಚಕ್ರ ಲಾಕ್ ಆಗಬಹುದು. ಅದಕ್ಕೇ ಆ ಬೋಲ್ಟ್ ತುದಿಯಲ್ಲಿ ತೂತು ಮಾಡಿ ಒಂದು ಸ್ಪ್ಲಿಟ್ ಪಿನ್ ಹಾಕಿರುತ್ತಾರೆ. ನಟ್ ಬಿಗಿಯಾಗಿದೆಯಾ, ಪಿನ್ ಇದೆಯಾ, ಅದರ ಎರಡೂ ಕಾಲು ಅಗಲಿಸಿ ಮಡಚಿದೆಯಾ ನೋಡಿ. ಹಳೆಯ ಪಿನ್ ಮುರಿದಿದ್ದರೆ ಹೊಸದು ಹಾಕಿಸಿ. ತಂತಿ ಸುತ್ತಿ ಕಳಿಸಿದರೆ ಒಪ್ಪಬೇಡಿ. ಮುಂದಿನದೂ ಡ್ರಮ್ ಬ್ರೇಕ್ ಆಗಿದ್ದರೆ ಅಲ್ಲಿ ಪಟ್ಟಿಯ ಬದಲು ಫೋರ್ಕ್ ಮೇಲೆ ಒಂದು ಗೂಟದಂಥ ಉಬ್ಬು ಇರುತ್ತದೆ. ಅದು ಬ್ರೇಕ್ ಮುಚ್ಚಳದ ಸಂದಿನೊಳಗೆ ಸರಿಯಾಗಿ ಕೂತಿರಬೇಕು.

ಬ್ರೇಕ್ ಮುಚ್ಚಳದ ಮೇಲೆಯೇ ಶೂ ಎಷ್ಟು ಸವೆದಿದೆ ಎಂದು ತೋರಿಸುವ ಬಾಣವಿರುತ್ತದೆ. ಬ್ರೇಕ್ ಪೂರ್ತಿ ಒತ್ತಿದಾಗ ಬಾಣ ಕೊನೆಯ ಗುರುತಿಗೆ ಬಂದರೆ ಶೂ ಮುಗಿದಿದೆ.

ನಂತರ ಚೈನ್. ಸೆಂಟರ್ ಸ್ಟ್ಯಾಂಡ್ ಹಾಕಿ, ನ್ಯೂಟ್ರಲ್‌ನಲ್ಲಿ ಚಕ್ರವನ್ನು ಕೈಯಲ್ಲಿ ತಿರುಗಿಸುತ್ತಾ ಕೆಳಗಿನ ಚೈನನ್ನು ನಾಲ್ಕೈದು ಕಡೆ ಮೇಲೆ ಕೆಳಗೆ ಅಲ್ಲಾಡಿಸಿ. ಚೈನ್ ಒಂದೇ ಸಮ ಹಿಗ್ಗುವುದಿಲ್ಲ. ಒಂದು ಕಡೆ ಸಡಿಲ, ಒಂದು ಕಡೆ ಬಿಗಿ ಇರುತ್ತದೆ. ಬಿಗಿ ಇರುವ ಜಾಗದಲ್ಲೇ ಅಳತೆ ಇಡಬೇಕು, ಹೆಚ್ಚಿನ ಸಣ್ಣ ಬೈಕುಗಳಿಗೆ 20ರಿಂದ 30 ಮಿ.ಮೀ. ಆಟ (ಮೇಲೆ ಕೆಳಗೆ ಅಲ್ಲಾಡುವ ಸಡಿಲ) ಸಾಕು. ಸ್ವಿಂಗ್ ಆರ್ಮಿನ ಎರಡೂ ಕಡೆ ಗೆರೆಗಳಿವೆಯಲ್ಲ, ಎರಡೂ ಕಡೆ ಒಂದೇ ಗೆರೆಗೆ ನಿಲ್ಲಿಸಿ. ಇಲ್ಲದಿದ್ದರೆ ಚಕ್ರ ಓರೆಯಾಗಿ ಹೊಸ ಟೈರೂ ಓರೆಯಾಗಿಯೇ ಸವೆಯುತ್ತದೆ. ಚೈನಿಗೆ ಲಾಕ್ ಕ್ಲಿಪ್ ಇದ್ದರೆ ಅದರ ಮುಚ್ಚಿದ ತುದಿ ಚೈನ್ ಓಡುವ ದಿಕ್ಕಿಗೆ ಇರಲಿ. ಸ್ಪ್ರಾಕೆಟ್ ಹಲ್ಲುಗಳು ಕೊಕ್ಕೆಯಾಗಿದ್ದರೆ ಚೈನ್ ಮತ್ತು ಎರಡೂ ಸ್ಪ್ರಾಕೆಟ್ ಒಟ್ಟಿಗೇ ಬದಲಾಯಿಸಿ. ಹೊಸ ಚೈನನ್ನು ಹಳೆಯ ಹಲ್ಲುಗಳು ಬೇಗ ತಿಂದುಹಾಕುತ್ತವೆ. ಚೈನ್ ಒರೆಸುವಾಗ ಎಂಜಿನ್ ಯಾವತ್ತೂ ಆನ್ ಇರಬಾರದು. ಗೇರ್ ಹಾಕಿ ಚಕ್ರ ತಿರುಗಿಸುತ್ತಾ ಬಟ್ಟೆ ಹಿಡಿಯುವುದು ಬೆರಳು ಕಳೆದುಕೊಳ್ಳುವ ದಾರಿ.

ಎಂಜಿನ್ ಕಡೆಯ ಕೆಲಸ ಇದಕ್ಕಿಂತ ಸುಲಭ. ಸಣ್ಣ ಬೈಕಿಗೆ ಹಿಡಿಸುವುದು ಹೆಚ್ಚೆಂದರೆ ಒಂದು ಲೀಟರ್ ಆಸುಪಾಸು ಆಯಿಲ್. ಎಂಜಿನ್ ಸ್ವಲ್ಪ ಬೆಚ್ಚಗಿರುವಾಗ ಇಳಿಸಿ, ಡ್ರೇನ್ ಬೋಲ್ಟಿಗೆ ಹೊಸ ವಾಷರ್ ಹಾಕಿ. ಡಬ್ಬದ ಮೇಲೆ 10ಡಬ್ಲ್ಯೂ-30 ಎಂಬಂಥ ಗ್ರೇಡ್ ಜೊತೆಗೆ ಜಾಸೋ ಎಂಎ ಅಥವಾ ಎಂಎ2 (JASO MA, MA2) ಎಂದು ಇರಲೇಬೇಕು. ಗೇರ್ ಬೈಕಿನ ಕ್ಲಚ್ ಇದೇ ಆಯಿಲ್‌ನಲ್ಲಿ ಮುಳುಗಿರುತ್ತದೆ. ಕಾರಿನ ಆಯಿಲ್ ಹಾಕಿದರೆ ಅದರಲ್ಲಿರುವ ಜಾರಿಸುವ ಅಂಶಗಳಿಂದ ಕ್ಲಚ್ ಸ್ಲಿಪ್ ಆಗಬಹುದು. ಏರ್ ಫಿಲ್ಟರ್ ಪೇಪರಿನದ್ದಾದರೆ ತೊಳೆಯಬೇಡಿ. ಸ್ಪಂಜಿನದ್ದಾದರೆ ತೊಳೆದು ಒಣಗಿಸಿ, ಆಯಿಲ್ ಹಚ್ಚಿ ಹಿಂಡಿ ಹಾಕಬಹುದು. ಸ್ಪಾರ್ಕ್ ಪ್ಲಗ್ ವಾಪಸ್ ಹಾಕುವಾಗ ಮೊದಲ ಸುತ್ತುಗಳು ಬೆರಳಿನಲ್ಲೇ ಆಗಲಿ, ಓರೆಯಾಗಿ ಹೋದರೆ ಎಂಜಿನ್ ಹೆಡ್ಡಿನ ತಿರುಪಿನ ಗೆರೆ (ಥ್ರೆಡ್) ಹಾಳಾಗುತ್ತದೆ. ಟ್ಯಾಪೆಟ್ (ಎಂಜಿನ್ ವಾಲ್ವುಗಳ ಸಂದಿನ ಅಳತೆ) ಅಡ್ಜಸ್ಟ್ ಮಾಡಿಸುವುದಿದ್ದರೆ ಎಂಜಿನ್ ಪೂರ್ತಿ ತಣ್ಣಗಿರಬೇಕು. ಓಡಿಸಿಕೊಂಡು ಹೋದ ಕೂಡಲೇ ಮಾಡಿಸಿದರೆ ಅಳತೆ ತಪ್ಪುತ್ತದೆ.

ಇದರಲ್ಲಿ ಗಾಳಿ, ಚೈನ್, ಆಯಿಲ್, ಫಿಲ್ಟರ್ ಯಾರು ಬೇಕಾದರೂ ಮನೆಯಲ್ಲೇ ಮಾಡಬಹುದು. ಟೈರ್ ಬಿಡಿಸುವುದು, ಬೇರಿಂಗ್, ಟ್ಯಾಪೆಟ್ ಕೈ ಪಳಗಿದವರಿಗೇ ಬಿಡಿ. ಹತ್ತಿರ ನಿಂತು ನೋಡುವುದಕ್ಕೆ ಸಂಕೋಚ ಬೇಡ.

ಎಲ್ಲ ಮುಗಿದು ಹೊರಡುವ ಮುಂಚೆ ನಿಂತಲ್ಲೇ ಎರಡೂ ಬ್ರೇಕ್ ನಾಲ್ಕೈದು ಸಲ ಒತ್ತಿ ನೋಡಿ. ಚಕ್ರ ಬಿಚ್ಚಿ ಹಾಕಿದ ಮೇಲೆ ಪೆಡಲ್ ಆಟ ಬದಲಾಗಿರುತ್ತದೆ, ಬ್ರೇಕ್ ಲೈಟ್ ಹತ್ತುವ ಜಾಗವೂ ಬದಲಾಗಿರುತ್ತದೆ. ಹೊಸ ಟೈರಿನ ಮೇಲ್ಮೈ ನುಣುಪಾಗಿರುತ್ತದೆ, ಸ್ವಲ್ಪ ಉಜ್ಜಿದ ಮೇಲೆಯೇ ಹಿಡಿತ ಬರುವುದು. ಮೊದಲ 100–150 ಕಿ.ಮೀ. ತಿರುವಿನಲ್ಲಿ ಜಾಸ್ತಿ ವಾಲಿಸಬೇಡಿ, ಗಕ್ಕನೆ ಬ್ರೇಕ್ ಹಿಡಿಯಬೇಡಿ. ಮಾರನೆಯ ದಿನ ಬೆಳಗ್ಗೆ ಟೈರ್ ತಣ್ಣಗಿರುವಾಗ ಗಾಳಿ ಅಳೆಯಿರಿ. ಬೈಕಿನ ಮೇಲಿನ ಸ್ಟಿಕ್ಕರ್ ಅಥವಾ ಮ್ಯಾನುಯಲ್‌ನಲ್ಲಿ ಎಷ್ಟು ಪಿಎಸ್‌ಐ ಇದೆಯೋ ಅಷ್ಟೇ ಇರಲಿ. ಹಿಂದೆ ಒಬ್ಬರು ಕೂರುವುದಿದ್ದರೆ ಹಿಂದಿನ ಟೈರಿಗೆ ಹೆಚ್ಚು ಹೇಳಿರುತ್ತಾರೆ, ಅದನ್ನು ಪಾಲಿಸಿ. ವಾಲ್ವ್ ನೆಟ್ಟಗೆ ನಿಂತಿದೆಯಾ ಎಂದೂ ನೋಡಿ. ಓರೆಯಾಗಿದ್ದರೆ ಟ್ಯೂಬ್ ಒಳಗೆ ಸರಿದಿದೆ, ವಾಲ್ವ್ ಬುಡ ಹರಿಯುವ ಮುಂಚೆ ಗಾಳಿ ಬಿಟ್ಟು ಸರಿ ಮಾಡಿಸಿ. ಕೆಲವು ದಿನ ಓಡಿಸಿದ ಮೇಲೆ ಆಕ್ಸಲ್ ನಟ್, ಚೈನ್ ಆಟ, ಕಡ್ಡಿಗಳ ಬಿಗಿ ಇನ್ನೊಮ್ಮೆ ನೋಡಿಸಿ.