ನೀರು ನಿಂತ ಗೆರೆಯನ್ನು ತೊಳೆಯಬೇಡಿ

ಹೊಳೆ ಇಳಿದ ಮರುದಿನ ಎಲ್ಲರೂ ಮೊದಲು ಹಿಡಿಯುವ ಕೆಲಸ ಗೋಡೆ ತೊಳೆಯುವುದು. ಕೆಸರು ಒಣಗಿ ಗಟ್ಟಿಯಾದರೆ ಬಿಡುವುದಿಲ್ಲ, ಆದ್ದರಿಂದ ಆ ಅವಸರ ತಪ್ಪಲ್ಲ. ಆದರೂ ಬಕೆಟ್ ಎತ್ತುವ ಮುಂಚೆ ಒಂದರ್ಧ ಗಂಟೆ ತಡೆಯಬೇಕು. ನೀರು ನಿಂತಿದ್ದ ಮಟ್ಟದಲ್ಲಿ ಗೋಡೆಯ ಮೇಲೆ ಒಂದು ಕಂದು ಗೆರೆ ಉಳಿದಿರುತ್ತದೆ. ಸರ್ಕಾರದ ಪಂಚನಾಮೆ, ವಿಮೆಯ ಕ್ಲೇಮು, ಮುಂದೆ ಕಟ್ಟುವ ಮನೆಯ ಪಾಯದ ಎತ್ತರ, ಈ ಮೂರಕ್ಕೂ ಅದೇ ಆಧಾರ. ಅಳತೆ ಟೇಪನ್ನು ನೆಲಕ್ಕೆ ತಾಗಿಸಿ ನಿಲ್ಲಿಸಿ, ಗೆರೆ ಎಷ್ಟು ಅಡಿಗೆ ಇದೆ ಎಂದು ಓದಲು ಬರುವಂತೆ ಪ್ರತಿ ಕೋಣೆಯಲ್ಲೂ ಫೋಟೊ ತೆಗೆಯಿರಿ. ಹೊರಗೋಡೆಯಲ್ಲಿ ಗೆರೆಯ ಮೇಲೆ ಉಳಿಯಿಂದ ಕೊರೆದು ಗುರುತು ಮಾಡಿ; ಬಣ್ಣದ ಗುರುತು ಮುಂದಿನ ಹಬ್ಬದ ಸುಣ್ಣಕ್ಕೆ ಮುಚ್ಚಿಹೋಗುತ್ತದೆ. ಗೋಡೆಯೇ ಬೀಳುವ ಹಾಗಿದ್ದರೆ ಆ ಮಟ್ಟವನ್ನು ಮೇಸ್ತ್ರಿಗಳು ಮಟ್ಟ ನೋಡುವ ನೀರುಕೊಳವೆಯಿಂದ ಗುಡಿಯ ಕಲ್ಲುಕಂಬಕ್ಕೋ ಶಾಲೆಯ ಗೋಡೆಗೋ ಸಾಗಿಸಿ ಗುರುತು ಹಾಕಿ.

ರಾಯಚೂರು, ಕೊಪ್ಪಳ, ಬಳ್ಳಾರಿ ಸೀಮೆಯಲ್ಲಿ ಪ್ರವಾಹ ಎರಡು ಬಗೆಯಲ್ಲಿ ಬರುತ್ತದೆ. ಒಂದು, ಇಲ್ಲಿ ಬಿಸಿಲು ಕಾಯುತ್ತಿರುವಾಗಲೇ ಬರುವ ನೀರು. ಮಳೆ ಬಿದ್ದಿರುವುದು ಘಟ್ಟದಲ್ಲಿ, ನೀರು ಬಿಡುವುದು ನಾರಾಯಣಪುರದ ಬಸವಸಾಗರದಿಂದ ಅಥವಾ ಮುನಿರಾಬಾದ್ ಬಳಿಯ ತುಂಗಭದ್ರಾ ಅಣೆಕಟ್ಟಿನಿಂದ. ಲಿಂಗಸುಗೂರು ತಾಲ್ಲೂಕಿನ ಶೀಲಹಳ್ಳಿ ಸೇತುವೆ, ಕಂಪ್ಲಿ ಸೇತುವೆ, ಗಂಗಾವತಿ ಕಡೆಯ ವಿರುಪಾಪುರಗಡ್ಡೆ ಮುಳುಗುವುದು ಹೀಗೆ. ಇದಕ್ಕೆ ಮುನ್ಸೂಚನೆ ಇರುತ್ತದೆ, ಸಾಮಾನು ಎತ್ತಲು ಹೊತ್ತು ಸಿಗುತ್ತದೆ. ಇನ್ನೊಂದು, 2009ರ ಸೆಪ್ಟೆಂಬರ್ ಕೊನೆಯಲ್ಲಿ ಆದದ್ದು: ಬರದ ಸೀಮೆಯ ಮೇಲೇ ದಿನಗಟ್ಟಲೆ ಸುರಿದ ಮಳೆ. ಅಂಥ ಮಳೆಯಲ್ಲಿ ಹೊಳೆಯಿಂದ ದೂರವಿರುವ ಮನೆಗಳೂ ಉಳಿಯುವುದಿಲ್ಲ. ಕಾರಣ ಮೇಲ್ಮುದ್ದೆಯಲ್ಲಿ, ಅಂದರೆ ಮಣ್ಣು ಹಾಕಿದ ಮಾಳಿಗೆಯಲ್ಲಿದೆ.

ತೊಲೆ, ಜಂತಿಗಳ ಮೇಲೆ ಮುಕ್ಕಾಲು ಅಡಿ ಮಣ್ಣು ಹಾಕಿದ 10 ಅಡಿ ಅಗಲ, 12 ಅಡಿ ಉದ್ದದ ಮಾಳಿಗೆಯಲ್ಲಿ 90 ಘನ ಅಡಿ ಮಣ್ಣಿರುತ್ತದೆ. ಒಣಗಿದ್ದಾಗಲೇ ನಾಲ್ಕು ಟನ್ನಿಗೆ ಮೇಲೆ. ನೀರು ಕುಡಿದರೆ ಇನ್ನೂ 700-800 ಕೆಜಿ ಸೇರುತ್ತದೆ. ಹಿರಿಯರು ಮಳೆಗಾಲಕ್ಕೆ ಮುಂಚೆ ಚೌಳು ಮಣ್ಣು ಹರಡುತ್ತಿದ್ದುದು ಸುಮ್ಮನೆ ಅಲ್ಲ. ಅದರಲ್ಲಿರುವ ಸೋಡಿಯಂ ಜೇಡಿಯ ಕಣಗಳನ್ನು ಬಿಡಿಬಿಡಿ ಮಾಡಿ ರಂಧ್ರಗಳನ್ನು ಮುಚ್ಚಿಸುತ್ತದೆ, ನೀರು ಇಳಿಯದೆ ಮಾಳಿಗೆಯ ನೀರು ಹೊರಬೀಳುವ ದೋಣಿಯತ್ತ ಹರಿಯುತ್ತದೆ. ಒಂದೆರಡು ವರ್ಷ ಆ ಕೆಲಸ ತಪ್ಪಿತೆಂದರೆ ಭಾರ ಗೋಡೆಯ ಮೇಲೆ ಕೂರುತ್ತದೆ.

ಆ ಗೋಡೆಯೋ, ನೀರಿನಲ್ಲಿ ನಿಂತಿರುವಾಗ ಬೀಳುವುದಕ್ಕಿಂತ ನೀರು ಇಳಿದ ಮೇಲೆ ಬೀಳುವುದೇ ಹೆಚ್ಚು. ಒಣಗಿದ ಮಣ್ಣಿನ ಕಣಗಳನ್ನು ಹಿಡಿದಿಡುವುದು ಅವುಗಳ ನಡುವಿನ ತೆಳುವಾದ ನೀರಿನ ಪೊರೆ. ಒದ್ದೆ ಬಟ್ಟೆ ಮೈಗೆ ಅಂಟುತ್ತದೆ, ಅದೇ ಬಟ್ಟೆ ಬಕೆಟ್ಟಿನ ನೀರಿನೊಳಗೆ ತೇಲಾಡುತ್ತದೆ. ಮಣ್ಣಿನ ಗೋಡೆಯದ್ದೂ ಅದೇ ಪಾಡು. ನೀರು ಎರಡೂ ಕಡೆ ಸಮನಾಗಿ ನಿಂತಿರುವ ತನಕ ಒತ್ತಡ ಒಂದಕ್ಕೊಂದು ಸರಿಹೋಗುತ್ತದೆ. ಹೊರಗಿನ ನೀರು ಸರ್ರನೆ ಇಳಿದು ಒಳಗೆ 3 ಅಡಿ ಉಳಿದರೆ, 10 ಅಡಿ ಉದ್ದದ ಗೋಡೆಯನ್ನು ಅದು ಸುಮಾರು 1,270 ಕೆಜಿ ಬಲದಿಂದ ಹೊರಕ್ಕೆ ನೂಕುತ್ತದೆ. ಆಳ ಎರಡು ಪಟ್ಟಾದರೆ ಬಲ ನಾಲ್ಕು ಪಟ್ಟು. ಆದ್ದರಿಂದ ನೀರು ಇಳಿಯತೊಡಗಿದಾಗ ಬಾಗಿಲು, ಬಚ್ಚಲ ತೂಬು ತೆರೆದಿರಲಿ. ಬಾಗಿಲಿಗೆ ಮರಳಿನ ಚೀಲ ಒಟ್ಟಿ ನೀರು ತಡೆಯುವ ಸಾಹಸವೂ ಒಂದೆರಡು ಅಡಿ ನೀರಿಗೆ ಮಾತ್ರ ಸರಿ. ಅದಕ್ಕಿಂತ ಏರಿದರೆ ನೀರನ್ನು ಒಳಗೆ ಬಿಟ್ಟುಕೊಳ್ಳುವುದೇ ಮನೆ ಉಳಿಸುವ ದಾರಿ.

ಸಂಪಿನದು ಇದರ ತಿರುವುಮುರುವು. 6 ಅಡಿ ಉದ್ದ, 6 ಅಡಿ ಅಗಲ, 5 ಅಡಿ ಆಳದ, 4 ಇಂಚು ಕಾಂಕ್ರೀಟಿನ ಸಂಪು ಬರಿದಾಗಿದ್ದರೆ ಮುಚ್ಚಳ ಸೇರಿ ತೂಗುವುದು ಸುಮಾರು 4,000 ಕೆಜಿ. ಸುತ್ತಲ ನೆಲ ಅಂಚಿನವರೆಗೂ ನೀರಾದಾಗ ಅದನ್ನು ಮೇಲೆತ್ತುವ ಬಲ 5,100 ಕೆಜಿ. ಬರಿದಾದ ಸಂಪು ಪೈಪುಗಳನ್ನು ಕಿತ್ತುಕೊಂಡು ಮೇಲೇಳುತ್ತದೆ ಇಲ್ಲವೇ ಬಿರಿಯುತ್ತದೆ. ನೀರು ಬರುವ ಸುದ್ದಿ ಸಿಕ್ಕ ಕೂಡಲೇ ಸಂಪು ತುಂಬಿಸಿಡಿ. ನೆಲ ಒಣಗುವ ಮೊದಲೇ ಪಂಪು ಹಚ್ಚಿ ಖಾಲಿ ಮಾಡಬೇಡಿ.

ಇನ್ನು ದುಡ್ಡಿನ ಮಾತು. ಕೇಂದ್ರದ ವಿಪತ್ತು ಪರಿಹಾರ ನಿಧಿಯ 2022-26ರ ಅವಧಿಗೆ ನಿಗದಿಯಾದ ದರದಂತೆ ಬಯಲುಸೀಮೆಯಲ್ಲಿ ಪೂರ್ತಿ ಬಿದ್ದ ಅಥವಾ ತೀವ್ರವಾಗಿ ಹಾನಿಯಾದ ಮನೆಗೆ 1,20,000 ರೂಪಾಯಿ. ಶೇ 15ಕ್ಕಿಂತ ಕಡಿಮೆಯಿಲ್ಲದ ಭಾಗಶಃ ಹಾನಿಗೆ ಪಕ್ಕಾ ಮನೆಯಾದರೆ 6,500, ಕಚ್ಚಾ ಮನೆಯಾದರೆ 4,000. ರಾಜ್ಯ ಸರ್ಕಾರ ಇದರ ಮೇಲೆ ಸೇರಿಸುವುದುಂಟು. 2019ರ ನೆರೆಯಲ್ಲಿ ಪೂರ್ತಿ ಬಿದ್ದ ಮನೆಗೆ 5 ಲಕ್ಷ ಘೋಷಿಸಿತ್ತು. ಭಾಗಶಃ ಮತ್ತು ತೀವ್ರ ಎಂಬ ಎರಡು ಪದಗಳ ನಡುವೆ ಲಕ್ಷಕ್ಕೂ ಮಿಕ್ಕಿದ ಅಂತರವಿದೆ, ಅದನ್ನು ತೀರ್ಮಾನಿಸುವುದು ಪಂಚನಾಮೆಯ ದಿನ ಗೋಡೆ ಹೇಗಿತ್ತು ಎಂಬುದು. ಮಣ್ಣಿನ ಗೋಡೆ ಆ ದಿನ ನಿಂತಿದ್ದು ಎಂಟು ದಿನದ ಮೇಲೆ ಕುಸಿಯಬಹುದು. ಹಾಗಾದರೆ ಹೊಸ ಫೋಟೊ ಸಮೇತ ತಹಶೀಲ್ದಾರರಿಗೆ ಮರುಪರಿಶೀಲನೆಯ ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಿರಿ. ಬಾಯಿಮಾತಿನ ಭರವಸೆಗೆ ಕಡತದಲ್ಲಿ ಜಾಗವಿಲ್ಲ.

ವಿಮೆಯ ಕಡೆ 2021ರ ಏಪ್ರಿಲ್ 1ರಿಂದ ಬಂದ 'ಭಾರತ್ ಗೃಹ ರಕ್ಷಾ' ಎಂಬ ಏಕರೂಪದ ಪಾಲಿಸಿ ಇದೆ. ಪ್ರವಾಹ, ಜಲಾವೃತ, ಬಿರುಗಾಳಿ, ಭೂಕುಸಿತ ಎಲ್ಲ ಇದರೊಳಗೇ ಬರುತ್ತವೆ. ವಿಮಾ ಮೊತ್ತದ ಲೆಕ್ಕ ಸರಳ: ಮನೆಯ ಕಾರ್ಪೆಟ್ ವಿಸ್ತೀರ್ಣವನ್ನು (ಗೋಡೆಗಳ ನಡುವಿನ ಒಳನೆಲದ ಅಳತೆ) ಇವತ್ತಿನ ಕಟ್ಟುವ ದರದಿಂದ ಗುಣಿಸುವುದು. 600 ಚದರಡಿಗೆ 1,800ರಂತೆ ಹಿಡಿದರೆ 10,80,000. ನಿವೇಶನದ ಬೆಲೆ ಇದರಲ್ಲಿ ಸೇರದು, ನೆಲ ಕೊಚ್ಚಿಹೋಗುವುದಿಲ್ಲವಲ್ಲ. ಮನೆಯೊಳಗಿನ ಸಾಮಾನಿಗೆ ಕಟ್ಟಡದ ಮೊತ್ತದ ಶೇ 20, ಗರಿಷ್ಠ 10 ಲಕ್ಷ, ತಾನಾಗಿಯೇ ಸೇರುತ್ತದೆ. ಹಳೆಯ ಬೆಂಕಿ ವಿಮೆಗಳಲ್ಲಿ ಒಂದು ಕೊಕ್ಕೆ ಇತ್ತು: 10 ಲಕ್ಷದ ಮನೆಗೆ 4 ಲಕ್ಷದ ವಿಮೆ ಮಾಡಿಸಿ 2 ಲಕ್ಷ ಹಾನಿಯಾದರೆ ಕೈಗೆ ಬರುತ್ತಿದ್ದದ್ದು 80,000. ಈ ಪಾಲಿಸಿಯಲ್ಲಿ ಆ ಕಡಿತವನ್ನು ತೆಗೆದಿದ್ದಾರೆ. ಗೃಹಸಾಲದ ಜೊತೆ ಬಂದ ವಿಮೆಯಿದ್ದರೆ ತೆಗೆದು ಓದಿ. ಕೆಲವು ಸಾಲದ ಬಾಕಿಯಷ್ಟಕ್ಕೆ ಮಾತ್ರ ಇರುತ್ತವೆ, ಕೆಲವು ಸಾಲಗಾರನ ಜೀವಕ್ಕೆ ಹೊರತು ಮನೆಗೆ ಅಲ್ಲವೇ ಅಲ್ಲ.

ಎರೆಭೂಮಿಯವರು, ಅಂದರೆ ಕಪ್ಪು ಮಣ್ಣಿನ ಸೀಮೆಯವರು ಗಮನಿಸಬೇಕಾದ ಷರತ್ತು ಭೂಕುಸಿತದ ಕೆಳಗೆ ಅಡಗಿದೆ. ಸಹಜವಾದ ಬಿರುಕು, ಹೊಸ ಕಟ್ಟಡ ಕೂರುವುದು, ತುಂಬಿದ ಮಣ್ಣು ಇಳಿಯುವುದು, ಹೊಳೆ ದಂಡೆಯ ಕೊರೆತ, ಕೆಟ್ಟ ಕೆಲಸಗಾರಿಕೆ, ಇವಕ್ಕೆ ಹಣವಿಲ್ಲ. ಎರೆ ಮಣ್ಣಿನ ಮೇಲಿನ ಮನೆಗೆ ಬೇಸಿಗೆಯಲ್ಲೇ ಬಿರುಕು ಇರುತ್ತದೆ, ಪ್ರವಾಹದ ಮೇಲೆ ಅದು ಅಗಲವಾಗುತ್ತದೆ. ವಿಮಾ ಕಂಪನಿಯ ಸರ್ವೇಯರ್ ಎರಡನ್ನೂ ಹಳೆಯದೆಂದು ಬರೆದುಬಿಟ್ಟರೆ ವಾದಿಸಲು ಆಧಾರ ಬೇಕು. ಪ್ರತಿ ವರ್ಷ ಮೇ ತಿಂಗಳಲ್ಲಿ ಮನೆಯ ನಾಲ್ಕೂ ಮೂಲೆ, ಬಾಗಿಲು ಕಿಟಕಿಗಳ ಮೇಲ್ಭಾಗದ ಫೋಟೊ ತೆಗೆದಿಟ್ಟುಕೊಂಡವರಿಗೆ ಆ ತಾಪತ್ರಯ ಕಡಿಮೆ. ಹಾನಿಯಾದ ಕೂಡಲೇ ಕಂಪನಿಗೆ ತಿಳಿಸಿ, 30 ದಿನದೊಳಗೆ ಕ್ಲೇಮು ಅರ್ಜಿ ಕೊಡಿ. ಕೆಟ್ಟ ಹಾಸಿಗೆ, ಫ್ರಿಜ್, ಅಕ್ಕಿ ಚೀಲಗಳನ್ನು ಸರ್ವೇಯರ್ ನೋಡುವ ತನಕ ಹಿತ್ತಲಲ್ಲಿ ಒಟ್ಟಿಡಿ. ಕೊಳೆತು ನಾರುತ್ತಿದ್ದರೆ ಫೋಟೊ ತೆಗೆದು, ಕಂಪನಿಗೆ ಸಂದೇಶ ಕಳಿಸಿ ಎಸೆಯಿರಿ. ಅವಶೇಷ ತೆಗೆಯಲು ಕ್ಲೇಮಿನ ಶೇ 2, ಎಂಜಿನಿಯರ್ ಶುಲ್ಕಕ್ಕೆ ಶೇ 5ರವರೆಗೆ ಸಿಗುತ್ತದೆ. ಕೇಳದವರಿಗೆ ಯಾರೂ ನೆನಪಿಸುವುದಿಲ್ಲ, ರಸೀದಿ ಜೋಪಾನ. ಉತ್ತರ ಬಾರದಿದ್ದರೆ ಅಥವಾ ಒಪ್ಪಿಗೆಯಾಗದಿದ್ದರೆ ಬೆಂಗಳೂರಿನ ವಿಮಾ ಒಂಬುಡ್ಸ್‌ಮನ್‌ಗೆ ದೂರು ಕೊಡಬಹುದು. ಶುಲ್ಕವಿಲ್ಲ, ವಕೀಲರೂ ಬೇಕಿಲ್ಲ.

ವಿಮೆ ಕೊಡುವುದು ಮನೆಯನ್ನು ಹಾನಿಗೆ ಮುಂಚೆ ಇದ್ದ ಸ್ಥಿತಿಗೆ ತರುವ ಖರ್ಚನ್ನಷ್ಟೇ. ಅಮೆರಿಕದಲ್ಲಿ 1968ರಿಂದ ನಡೆಯುತ್ತಿರುವ ರಾಷ್ಟ್ರೀಯ ಪ್ರವಾಹ ವಿಮೆಯ ನಿಯಮ ಬೇರೆ: ದುರಸ್ತಿಯ ಖರ್ಚು ಕಟ್ಟಡದ ಬೆಲೆಯ ಅರ್ಧ ಮುಟ್ಟಿದರೆ ಮನೆಯನ್ನು ಪ್ರವಾಹ ಮಟ್ಟಕ್ಕೆ ಎತ್ತರಿಸಲೇಬೇಕು, ಅದಕ್ಕೆಂದೇ 30,000 ಡಾಲರ್‌ವರೆಗೆ ಪ್ರತ್ಯೇಕ ಹಣವೂ ಇದೆ. ನಮ್ಮಲ್ಲಿ ಒತ್ತಾಯವೂ ಇಲ್ಲ, ಹಣವೂ ಇಲ್ಲ. ಅದೇ ಮನೆಯನ್ನು ಅದೇ ಎತ್ತರಕ್ಕೆ ಕಟ್ಟಿ ಮುಂದಿನ ನೆರೆಗೆ ಕಾಯಲು ನಮ್ಮ ನಿಯಮಗಳಲ್ಲಿ ಅಡ್ಡಿಯಿಲ್ಲ, ಹಾಗಾಗಿ ಎತ್ತರದ ಲೆಕ್ಕ ಮನೆಯವರದೇ.

ಆಗ ಮತ್ತೆ ಬೇಕಾಗುವುದು ಗೋಡೆಯ ಮೇಲೆ ಕೊರೆದ ಆ ಗುರುತು. ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರದ ಮಾರ್ಗಸೂಚಿಯಂತೆ ಪಾಯದ ಮಟ್ಟ ಮುಳುಗಡೆ ಗೆರೆಗಿಂತ 0.6 ಮೀಟರ್, ಅಂದರೆ ಎರಡು ಅಡಿ ಮೇಲಿರಬೇಕು. ಅಂಗಳದಿಂದ ಒಂದು ಅಡಿಗೆ ಗೆರೆ ಇದ್ದರೆ ಮೂರು ಅಡಿ ಪಾಯ. 20 ಅಡಿ ಅಗಲ, 30 ಅಡಿ ಉದ್ದದ ಮನೆಗೆ ಅದು 1,800 ಘನ ಅಡಿ ಗಟ್ಟಿ ತುಂಬು. ಬಡಿದಾಗ ಮಣ್ಣು ಇಳಿಯುವುದರಿಂದ 22-23 ಬ್ರಾಸ್ (ಒಂದು ಬ್ರಾಸ್ ಅಂದರೆ 100 ಘನ ಅಡಿ) ತರಿಸಬೇಕು. ಪಾಯ ತೋಡಿದ ಎರೆ ಮಣ್ಣು ಪಕ್ಕದಲ್ಲೇ ಬಿದ್ದಿದೆ, ಪುಕ್ಕಟೆ ಎಂದು ಅದನ್ನೇ ಒಳಗೆ ತುಂಬುವುದು ಈ ಸೀಮೆಯ ದೊಡ್ಡ ತಪ್ಪು. ಮಳೆಗಾಲದಲ್ಲಿ ಅದು ಉಬ್ಬಿ ನೆಲಕ್ಕೆ ಹಾಸಿದ ಶಹಾಬಾದ್ ಕಲ್ಲನ್ನು ಎಬ್ಬಿಸುತ್ತದೆ, ಬೇಸಿಗೆಯಲ್ಲಿ ಕುಗ್ಗಿ ಕಲ್ಲಿನ ಕೆಳಗೆ ಪೊಳ್ಳು ಬಿಡುತ್ತದೆ. ಗರಸು (ಮುರ್ರಂ ಮಣ್ಣು) ತರಿಸಿ, ಆರಾರು ಇಂಚಿನ ಪದರ ಹಾಕಿ, ಪ್ರತಿ ಪದರಕ್ಕೂ ನೀರು ಹಾಕಿ ದಮ್ಮಸು ಬಡಿಸಿ. ಸರಿಯಾಗಿ ಬಡಿಯದ ತುಂಬು ಕುಸಿದರೆ ವಿಮೆ ಏನೂ ಕೊಡದು ಎಂಬುದನ್ನು ಮೇಲೆ ನೋಡಿದೆವು.

ಎರೆ ಆಳವಾಗಿದ್ದಲ್ಲಿ ಕಲ್ಲಿನ ಪಟ್ಟಿ ಪಾಯಕ್ಕಿಂತ ರೂರ್ಕಿಯ ಕೇಂದ್ರೀಯ ಕಟ್ಟಡ ಸಂಶೋಧನಾ ಸಂಸ್ಥೆ ಬಳಕೆಗೆ ತಂದ, ಬುಡದಲ್ಲಿ ಗಡ್ಡೆಯಿರುವ ಕಾಂಕ್ರೀಟ್ ಕಂಬಗಳು ಒಳ್ಳೆಯವು. ಕನಿಷ್ಠ 3.5 ಮೀಟರ್ ಆಳ, ಕಂಬದ ದಪ್ಪಕ್ಕೆ ಎರಡೂವರೆ ಪಟ್ಟು ಅಗಲದ ಗಡ್ಡೆ. ಅಷ್ಟು ಆಳದಲ್ಲಿ ಮಣ್ಣಿನ ತೇವ ವರ್ಷಪೂರ್ತಿ ಹೆಚ್ಚು ಬದಲಾಗುವುದಿಲ್ಲ, ಆದ್ದರಿಂದ ಗಡ್ಡೆ ಅಲುಗಾಡದೆ ಮನೆಯನ್ನು ಹಿಡಿಯುತ್ತದೆ. ಮೇಲೆ ಬರುವ ತೊಲೆಯ ಅಡಿಗೆ 80 ಮಿಲಿಮೀಟರ್ ಖಾಲಿ ಬಿಡಬೇಕು. ಮೇಸ್ತ್ರಿಗಳು ಅದನ್ನು ತಪ್ಪೆಂದು ತಿಳಿದು ಮಣ್ಣು ತುರುಕುವುದುಂಟು. ಹಾಗೆ ಮಾಡಿದರೆ ಉಬ್ಬಿದ ಎರೆ ತೊಲೆಯನ್ನೇ ಎತ್ತುತ್ತದೆ, ಕಂಬಕ್ಕೆ ಸುರಿದ ಹಣ ನೀರಲ್ಲಿ ಹೋಮ.

ಗೋಡೆಗೆ ಸಿಮೆಂಟ್ ಬೆರೆಸಿ ಒತ್ತಿದ ಮಣ್ಣಿನ ಬ್ಲಾಕ್ ಆಗುತ್ತದೆ. ಶೇ 7 ಸಿಮೆಂಟ್ ಹಾಕಿದರೆ 230-190-100 ಮಿಲಿಮೀಟರ್ ಅಳತೆಯವು ಒಂದು ಚೀಲಕ್ಕೆ 85-90 ಬರುತ್ತವೆ. ಮಣ್ಣಿನಲ್ಲಿ ಮರಳೇ ಹೆಚ್ಚಿರಬೇಕು. ಎರೆ ಇದಕ್ಕೆ ಒಗ್ಗದು. ಮೂರು ವಾರ ನೀರುಣಿಸಿ, ಒಂದನ್ನು ಇಡೀ ದಿನ ನೀರಲ್ಲಿ ಮುಳುಗಿಸಿ ನೋಡಿ: ಅಂಚು ಉದುರಿದರೆ ಆ ಸರಕು ಬೇಡ. ಶಕ್ತಿನಗರ, ಕುಡತಿನಿಯ ವಿದ್ಯುತ್ ಸ್ಥಾವರಗಳ ಹಾರುಬೂದಿಯಿಂದ ಮಾಡಿದ ಇಟ್ಟಿಗೆಯೂ ನಡೆಯುತ್ತದೆ. ಮಣ್ಣಿನ ಗಾರೆಯಲ್ಲಿ ಕಟ್ಟಿದರೆ ಮಾತ್ರ ಇಟ್ಟಿಗೆ ಎಷ್ಟೇ ಗಟ್ಟಿಯಿರಲಿ ಗೋಡೆ ನಿಲ್ಲದು. ಪಾಯದ ಮೇಲೊಂದು, ಬಾಗಿಲ ಮೇಲೊಂದು ಕಾಂಕ್ರೀಟ್ ಬೆಲ್ಟ್ ನಾಲ್ಕೂ ಗೋಡೆ ಸುತ್ತಬೇಕು.

ಉಳಿದುಕೊಂಡ ಮನೆಗೆ ಗಿಲಾವು, ಬಣ್ಣದ ಅವಸರ ಬೇಡ. ಒಂದೂವರೆ ಅಡಿ ಚೌಕದ ಪ್ಲಾಸ್ಟಿಕ್ ಹಾಳೆಯನ್ನು ಗೋಡೆಗೆ ನಾಲ್ಕೂ ಕಡೆ ಟೇಪಿನಿಂದ ಅಂಟಿಸಿ ಒಂದು ದಿನ ಬಿಡಿ. ಒಳಬದಿಯಲ್ಲಿ ಹನಿ ಕಂಡರೆ ಗೋಡೆ ಇನ್ನೂ ಹಸಿ. ಒಣಗುವಾಗ ಬಿಳಿ ಉಪ್ಪು ಏಳುತ್ತದೆ. ಅದನ್ನು ಒಣ ಬ್ರಷ್‌ನಿಂದ ಕೆರೆದು ಹೊರಗೆ ಎಸೆಯಬೇಕು, ನೀರಿನಿಂದ ತೊಳೆದರೆ ಕರಗಿ ಮತ್ತೆ ಗೋಡೆಯೊಳಗೇ ಸೇರುತ್ತದೆ. ನೀರು ಕುಡಿದ ಎಂಸಿಬಿ (ಕರೆಂಟನ್ನು ತಾನಾಗಿ ಕಡಿಯುವ ಸ್ವಿಚ್ಚು), ಸ್ವಿಚ್ಚುಗಳನ್ನು ಒಣಗಿಸಿ ಬಳಸಬೇಡಿ, ಬದಲಿಸಿ. ಹೊಸ ಪ್ಲಗ್ಗು, ಮೀಟರ್ ಪೆಟ್ಟಿಗೆ ಗೆರೆಗಿಂತ ಮೇಲಿರಲಿ, ತಂತಿ ಮೇಲಿಂದ ಇಳಿದು ಬರಲಿ.

ಒಂದೇ ಅಂತಸ್ತಿನ ಮನೆಯಾದರೆ ಮಾಳಿಗೆಗೆ ಮೆಟ್ಟಿಲು ಇರಲೇಬೇಕೆಂದು ವಿಪತ್ತು ನಿರ್ವಹಣಾ ಪ್ರಾಧಿಕಾರದ ಅದೇ ಮಾರ್ಗಸೂಚಿ ಹೇಳುತ್ತದೆ. ದುಡ್ಡು ಸಾಲದಾದಾಗ ಮೊದಲು ಕೈಬಿಡುವುದೇ ಮೆಟ್ಟಿಲನ್ನು. ಕಾಂಕ್ರೀಟಿನದು ಆಗದಿದ್ದರೆ, ಹೊಳೆ ಬರುವ ದಿಕ್ಕಿಗೆ ಬೆನ್ನಾದ ಗೋಡೆಗೆ ಕಬ್ಬಿಣದ ಏಣಿಯೊಂದನ್ನು ಬೋಲ್ಟ್ ಹಾಕಿ ಕೂರಿಸಿ, ರಾತ್ರಿ ಕತ್ತಲಲ್ಲಿ ಅಜ್ಜಿಯೂ ಹತ್ತುವಷ್ಟು ಒರಗಾಗಿ.